ನಕ್ಷತ್ರತಿಥಿಯ ಗುಣದೋಷ ವಿಚಾರ

ಕಾಲವು ಅಖಂಡವಾದುದು, ಅದನ್ನು ಖಂಡಿಸಿ ವ್ಯವಹಾರಯೋಗ್ಯವನ್ನಾಗಿ ಮಾಡುವುದು ಗಣಿತಜ್ಞರ ಕೆಲಸ. ಭವಿಷ್ಯತ್ಕಾಲದ ಕಥೆಯನ್ನು ಹೇಳಹೊರಟವರಿಗೂ ಈ ಕೆಲಸವು ತಪ್ಪಿದುದಲ್ಲ. ಅಮೆರಿಕಾ ದೇಶದ ದೂರದರ್ಶನದಲ್ಲಿ 1966ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ಎಂಬ ಕಥಾಮಾಲಿಕೆಯ 'ಸ್ಟಾರ್‌ಡೇಟ್', ಎಂದರೆ ನಕ್ಷತ್ರತಿಥಿಯು, ಈ ದೃಷ್ಟಿಯಿಂದ ಪರೀಕ್ಷಾರ್ಹವಾಗಿದೆ.

ನೌಕೆಯ ನಾಯಕನು ದಿನಚರಿಯನ್ನು ನುಡಿಯುವಾಗ ನಾಲ್ಕು ಅಂಕೆಗಳನ್ನೂ ಒಂದು ದಶಮಾಂಶವನ್ನೂ ಹೇಳುವನು. ಮಾಸವಿಲ್ಲ, ಸಂವತ್ಸರವಿಲ್ಲ. ಕಥೆಯು ಯಾವ ಶತಮಾನದ್ದೆಂಬುದನ್ನು ಮರೆಮಾಡುವುದೇ ಇದರ ಪ್ರಯೋಜನ. ಒಂದು ಪೂರ್ಣಾಂಕವು ಒಂದು ಅಹೋರಾತ್ರಕ್ಕೆ ಸಮವೆಂದೂ, ಒಂದೇ ಕಥೆಯೊಳಗೆ ಕ್ರಮವು ಕೆಡಬಾರದೆಂದೂ, ಇತರ ಕಥೆಗಳೊಡನೆ ಹೊಂದಿಕೆಯನ್ನು ಚಿಂತಿಸಬೇಕಾಗಿಲ್ಲವೆಂದೂ ಲೇಖಕರಿಗೆ ಸೂಚನೆಯಿದ್ದಿತು. ಫಲವೇನಾಯಿತು? ಮೊದಲು ಪ್ರಸಾರವಾದ ಕಥೆಯಲ್ಲಿ 1513.1 ಎಂದಿದ್ದರೆ, ಮೂರನೆಯದರಲ್ಲಿ 1312.4 ಎಂದು ಕಾಲವು ಹಿಮ್ಮೊಗವಾಯಿತು. ನಿರ್ಮಾಣದ ಕ್ರಮವೊಂದು, ಪ್ರಸಾರದ ಕ್ರಮವೊಂದು ಆದುದೇ ಕಾರಣ. ನೌಕೆಯ ಸ್ಥಾನವೇಗಗಳನ್ನನುಸರಿಸಿ ತಿಥಿಯು ಭೇದಿಸುವುದೆಂದು ಮಾಲಿಕೆಯ ಕರ್ತೃಗಳಾದ ಜೀನ್ ರಾಡನ್‌ಬೆರಿಯವರು ಸಮಾಧಾನ ಹೇಳಿದರು. ಸಮಾಧಾನವು ಚತುರವಾದುದು; ಆದರೆ ಗಣಿತವಲ್ಲ.

1987ರಲ್ಲಿ ಆರಂಭವಾದ ನೂತನ ಮಾಲಿಕೆಯು 41153.7 ಎಂದು ಐದು ಅಂಕೆಗಳಿಂದ ತೊಡಗಿತು. ಎರಡನೆಯ ಅಂಕೆಯು ಆವಳಿಯಿಂದ ಆವಳಿಗೆ ಒಂದೊಂದಾಗಿ ಏರುತ್ತ, ವರ್ಷಕ್ಕೆ 1000 ಎಂಬ ಲೆಕ್ಕವು ನಿಂತಿತು. ಹಾಗಾದರೆ ಒಂದು ಪೂರ್ಣಾಂಕವು 9 ಗಂಟೆಗಳಿಗಿಂತಲೂ ಕಡಿಮೆ. ಪೂರ್ವದಲ್ಲಿ ಅದು 24 ಗಂಟೆ. ಹೆಸರು ಒಂದೇ, ಮಾನವು ಬೇರೆ. 2009ರ ಚಲನಚಿತ್ರದಲ್ಲಿಯಾದರೋ 2258.42 ಎಂಬಂತೆ ಕ್ರಿಸ್ತಶಕದ ವರ್ಷವೇ ಮುಂದೆ ನಿಂತು, ಮರೆಮಾಡಬೇಕೆಂದಿದ್ದುದೇ ಪ್ರಕಟವಾಯಿತು.

ನಮ್ಮ ಸಿದ್ಧಾಂತಗ್ರಂಥಗಳ ಅಹರ್ಗಣವೂ ಬರಿಯ ಸಂಖ್ಯೆಯೇ ಅಲ್ಲವೆ ಎಂದು ಕೇಳಬಹುದು. ಅಹುದು, ಆದರೆ ಅದರಿಂದ ವಾರವೂ ಗ್ರಹಗತಿಯೂ ಹೊರಡುವುವು. ನಕ್ಷತ್ರತಿಥಿಯಿಂದ ಅಂತಹುದೇನೂ ಹೊರಡದು. ಆ ನೌಕೆಯವರೂ ತಮ್ಮ ವಯಸ್ಸನ್ನು ಭೂಮಿಯ ವರ್ಷಗಳಲ್ಲಿಯೇ ಎಣಿಸುವರು.

ಈ ದೋಷವು ಕೇವಲ ಅಂಕೆಗಳದಲ್ಲ. ಹಳೆಯ ಮಾಲಿಕೆಯ ಮೊದಲ ಆವಳಿಯ ಕಡೆಯ ಕಥೆಯಲ್ಲಿ ನಾಯಕ ಕರ್ಕನ ಸಹೋದರನು ಮಡಿಯುವನು; ಮುಂದಿನ ಕಥೆಗಳಲ್ಲಿ ಆ ಶೋಕದ ಸುಳಿವು ದುರ್ಲಭ. ದಿನಕ್ಕೆ ದಿನದ ಸಂಬಂಧವಿಲ್ಲದಲ್ಲಿ ದುಃಖಕ್ಕೆ ನೆಲೆಯೆಲ್ಲಿ? ನೂತನ ಮಾಲಿಕೆಯಲ್ಲಾದರೋ ಮೊದಲ ಆವಳಿಯಲ್ಲಿ ಮಡಿದ ತಾಶಾ ಯಾರ್ ಎಂಬವಳನ್ನು ಸಹಚರರು ವರ್ಷಗಳನಂತರವೂ ಸ್ಮರಿಸುವರು. ಅಂಕೆಗಳು ಸಾಲಿಗೆ ಬಂದ ಮಾಲಿಕೆಯಲ್ಲಿಯೇ ಸ್ಮರಣೆಯೂ ಬಂದುದು ಗಮನಾರ್ಹ. ಮೃತರನ್ನು ನೆನೆಯುವುದಕ್ಕೊಂದು ದಿನವನ್ನು ಕೊಡಲಾರದ ಪಂಚಾಂಗವು ಎಷ್ಟು ಅಂಕೆಗಳನ್ನು ಧರಿಸಿದರೂ ಪಂಚಾಂಗವಾಗಲಾರದು.