ರಾಜಮಾತೆಯ ಮನೆವಾರ್ತೆಯೂ ಚರಿತ್ರಕಾರನೂ

ಶಿರಾ ಸೀಮೆಯಿಂದ ಹಿರಿಯೂರ ದಾರಿ ಹಿಡಿದು ಮಾರಿಕಣಿವೆಯನ್ನು ನೋಡಿಬಂದವರಿಗೆ ವಾಣೀವಿಲಾಸವೆಂಬ ಹೆಸರು ಹೊಸದಲ್ಲ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಆ ಸಾಗರವು ಯಾರ ಹೆಸರನ್ನು ಹೊತ್ತಿದೆಯೋ ಆ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1895ರಿಂದ 1902ರವರೆಗೆ ಮೈಸೂರಿನ ರಾಜಪ್ರತಿನಿಧಿಗಳಾಗಿದ್ದರು. ಅವರನ್ನು ಕುರಿತ ಬರಹಗಳಲ್ಲಿ ಮಾರಿಕಣಿವೆಯ ಕಟ್ಟೆಯೂ ಶಿವನಸಮುದ್ರದ ವಿದ್ಯುಚ್ಛಕ್ತಿಯೂ ತಪ್ಪದೆ ಬರುವುವು. ಮನೆಯ ವಿಷಯವೋ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವುದು. ಇದನ್ನು ಗೌರವವೆಂದೆಣಿಸುವುದು ನಮ್ಮಲ್ಲಿ ವಾಡಿಕೆ. ಆದರೆ ಈ ಗೌರವವು ಚರಿತ್ರೆಯ ಅರ್ಧವನ್ನೇ ನುಂಗಿಬಿಡುತ್ತದೆ.

ಏಕೆಂದರೆ ಆಕೆಯ ಪಾಲಿಗೆ ಸಂಸಾರವೂ ಸಂಸ್ಥಾನವೂ ಬೇರೆಬೇರೆಯಾಗಿರಲಿಲ್ಲ. 1894ರ ಡಿಸೆಂಬರಿನಲ್ಲಿ ಪತಿ ಚಾಮರಾಜ ಒಡೆಯರವರು ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ತೀರಿಕೊಂಡಾಗ ಆಕೆಗೆ 28 ವರ್ಷ; ಹಿರಿಯ ಮಗನಿಗೆ 10. ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಮಗನ ವಿದ್ಯಾಭ್ಯಾಸವೂ ರಾಜಕಾರ್ಯವೇ ಆಗಿ, ಅದಕ್ಕೆ ಸ್ಟೂಅರ್ಟ್ ಫ್ರೇಜರ್ ಎಂಬ ಆಂಗ್ಲ ಅಧಿಕಾರಿ ನೇಮಕಗೊಂಡನು. ಮಗಳು ಜಯಲಕ್ಷಮ್ಮಣ್ಣಿಯವರನ್ನು ತಮ್ಮ ತಮ್ಮಂದಿರಾದ ಕಾಂತರಾಜ ಅರಸರಿಗೇ ಕೊಟ್ಟರು. ಆ ಸೋದರಮಾವನೇ ಮುಂದೆ ದಿವಾನನಾದನು. 1897ರ ಆ ವಿವಾಹದ ಸಂಭ್ರಮದಲ್ಲಿಯೇ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಇಂದು ದಸರೆಗೆಂದು ಹೋದವರು ಬೆರಗಾಗಿ ನೋಡುವ ಸೌಧವು ಆ ಮದುವೆಮನೆಯ ಬೂದಿಯಿಂದ ಎದ್ದದ್ದೆಂದು ಎಷ್ಟು ಮಂದಿ ನೆನೆಯುವರು?

ಇನ್ನು ಕೆಲವರ ದೋಷ ಇದಕ್ಕೆ ವಿರುದ್ಧವಾದುದು. ಅವರು ಅಂತಃಪುರವನ್ನು ಹೊಕ್ಕು, ರಾಣಿಯ ಬಾಯಲ್ಲಿ ವಿಲಾಪವನ್ನು ತುಂಬುತ್ತಾರೆ. ಫ್ರಾನ್ಸಿನ ಕವಿಯೂ ಶಾಸನಸಭೆಯ ಸದಸ್ಯನೂ ಆಗಿದ್ದ ವಿಕ್ಟರ್ ಹ್ಯೂಗೋವಿನ ಮಗಳು 1843ರಲ್ಲಿ ಸೀನ್ ನದಿಯಲ್ಲಿ ಮುಳುಗಿ ಸತ್ತಳು. ಆ ಶೋಕವನ್ನು ಅವನೇ 1856ರ ಕವಿತಾಸಂಗ್ರಹದಲ್ಲಿ ಲೋಕದ ಮುಂದಿಟ್ಟನು. ಮನೆಯವನೇ ಬಾಗಿಲು ತೆರೆದಿರುವಾಗ ಚರಿತ್ರಕಾರನು ಒಳಹೋದರೆ ತಪ್ಪಿಲ್ಲ. ತೆರೆಯದ ಬಾಗಿಲನ್ನು ಕಲ್ಪನೆಯಿಂದ ಒಡೆಯುವುದು ಕಾದಂಬರಿಕಾರನಿಗೆ ಸಲ್ಲಬಹುದು, ಚರಿತ್ರಕಾರನಿಗೆ ಸಲ್ಲದು.

ಹಾಗೆಂದು ಅವನು ಬರಿಗೈಯಲ್ಲಿ ಹಿಂದಿರುಗಬೇಕಾಗಿಲ್ಲ. ಇನ್ನೊಬ್ಬ ಮಗಳು ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗದಿಂದ ಮಡಿದರು. ಅವರ ಹೆಸರಿನ ಕ್ಷಯರೋಗ ಚಿಕಿತ್ಸಾಲಯವು ಮೈಸೂರಿನಲ್ಲಿ 1921ರಲ್ಲಿ ಆರಂಭವಾಯಿತು. ತಾಯಿಯಾದ ಮಹಾರಾಣಿಯವರು 1934ರವರೆಗೆ ಬದುಕಿದ್ದರು. ಈ ಎರಡು ಇಸವಿಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕದಲ್ಲಿಟ್ಟ ಗ್ರಂಥಕರ್ತನು ವಿಲಾಪದ ಒಂದು ಪಂಕ್ತಿಯನ್ನೂ ಬರೆಯಬೇಕಾಗಿಲ್ಲ.