ಕುಂಟುವ ಗಾಡಿಗೆ ಚಪ್ಪಾಳೆ

ಮೊದಲೇ ಹೇಳಿಬಿಡ್ತೀನಿ: ‘ಬ್ಯಾಟಲ್‌ಬಾಟ್ಸ್’ನಲ್ಲಿ ಕಾದಾಡೋದನ್ನ ರೋಬೋಟ್ ಅಂತ ಕರೆಯೋದೇ ಸ್ವಲ್ಪ ಜಾಸ್ತಿ. ಬಹುತೇಕ ಎಲ್ಲವೂ ರಿಮೋಟ್ ಕಂಟ್ರೋಲ್ ಗಾಡಿಗಳು. 250 ಪೌಂಡ್, ಅಂದರೆ ಸುಮಾರು 113 ಕೆಜಿ ತೂಕ. ಸ್ವಂತ ಬುದ್ಧಿ ಸೊನ್ನೆ. ಅಖಾಡದ ಹೊರಗೆ ನಿಂತವರು ಓಡಿಸ್ತಾರೆ. ಪಂದ್ಯ ಮೂರೇ ನಿಮಿಷ. ಆದರೂ ರಾತ್ರಿ ಒಂದು ಫೈಟು ನೋಡಿ ಮಲಗೋಣ ಅಂತ ಕೂತವನು ಆರನೆಯದಕ್ಕೆ ಬಂದಿರ್ತೀನಿ. ಯಾಕೆ?

ಒಡೆದು ಚೂರಾಗೋದು ನೋಡೋಕೆ ಮಜಾ ಅನ್ನೋದು ಸುಲಭದ ಉತ್ತರ. ಅರ್ಧ ನಿಜವೂ ಹೌದು. 2016ರ ಚಾಂಪಿಯನ್ ‘ಟೂಮ್‌ಸ್ಟೋನ್’ ಮುಂದೆ ಉಕ್ಕಿನ ಉದ್ದನೆಯ ಪಟ್ಟಿಯೊಂದು ಅಡ್ಡಡ್ಡ ಗಿರ್ರನೆ ತಿರುಗುತ್ತೆ. ಅದು ತಗುಲಿದರೆ ಎದುರಾಳಿಯ ಚಕ್ರ ಒಂದು ಕಡೆ, ಮೈ ಇನ್ನೊಂದು ಕಡೆ. ಆದರೆ ಒಡೆಯೋದಷ್ಟೇ ಮಜಾ ಆಗಿದ್ದರೆ ಗುಜರಿ ಅಂಗಡಿಯವರು ಟಿಕೆಟ್ ಮಾರ್ತಿದ್ದರು. ಹತ್ತು ಸೆಕೆಂಡಿಗೆ ಮುಗಿಯುವ ಫೈಟು ಮೊಬೈಲಲ್ಲಿ ಫಾರ್ವರ್ಡ್ ಮಾಡೋಕೆ ಚೆನ್ನ, ಆಮೇಲೆ ನೆನಪಿರೋದಿಲ್ಲ.

ನೆನಪಿರೋದು ಕುಂಟುವ ಗಾಡಿ. ಒಂದು ಬದಿಯ ಚಕ್ರ ಹೋಗಿದೆ, ಆಯುಧ ನಿಂತಿದೆ, ಒಳಗಿಂದ ಹೊಗೆ. ಅಲ್ಲಾಡದೆ ನಿಂತರೆ ಹತ್ತು ಎಣಿಸಿ ಸೋತೆ ಅಂತಾರೆ. ಎಣಿಕೆ ಶುರುವಾಗತ್ತೆ. ಅಷ್ಟರಲ್ಲಿ ಗಾಡಿ ಹೇಗೋ ತೆವಳಿಕೊಂಡು ಅರ್ಧ ಸುತ್ತು ತಿರುಗುತ್ತೆ, ಎಣಿಕೆ ನಿಲ್ಲುತ್ತೆ, ಜನ ಕಿರುಚ್ತಾರೆ. ಬಾಕ್ಸಿಂಗ್ ನೋಡುವಾಗ ಎಲ್ಲೋ ಒಂದು ಕಡೆ ಅಳುಕಿರತ್ತೆ: ಅಲ್ಲಿ ಬೀಳ್ತಿರೋದು ಮನುಷ್ಯನ ತಲೆಗೆ. ವಿಡಿಯೋ ಗೇಮಲ್ಲಿ ಏನು ಒಡೆದರೂ ಯಾರದೂ ಏನೂ ಹೋಗಲ್ಲ. ಇಲ್ಲಿ ರಕ್ತವಿಲ್ಲ, ಆದರೆ ಹೋದದ್ದು ನಿಜವಾಗಿಯೂ ಹೋಯ್ತು. ಯಾರದೋ ತಿಂಗಳುಗಟ್ಟಲೆ ವೀಕೆಂಡುಗಳು ಆ ತಗಡಿನೊಳಗಿವೆ.

ಬಿಬಿಸಿಯಲ್ಲಿ 1998ರಲ್ಲಿ ಶುರುವಾದ ‘ರೋಬೋಟ್ ವಾರ್ಸ್’ಗೆ ಇದು ಚೆನ್ನಾಗಿ ಗೊತ್ತಿತ್ತು. ಅಲ್ಲಿ ಗ್ಯಾಸಿನ ಒತ್ತಡದಿಂದ ಎದುರಾಳಿಯನ್ನು ಗೋಡೆಯಾಚೆ ಎಸೆದ ‘ಕೇಯಾಸ್ 2’ ಎರಡು ಸಲ ಚಾಂಪಿಯನ್. ಆದರೆ ಜನ ಮುದ್ದು ಮಾಡಿದ್ದು ಐರ್ಲೆಂಡಿನ ‘ಡಿಯೋಟ್ವಾ’ನನ್ನ. ಕೆಂಪು ತುಪ್ಪಳ, ಅದರ ಮೇಲೆ ಕಪ್ಪು ಚುಕ್ಕೆ! ಅದಕ್ಕೆ ಬೆಂಕಿ ಹತ್ತಿಕೊಳ್ಳೋದು ಮಾಮೂಲು. ಮುಂದಿನ ಸಲ ಹೊಸ ತುಪ್ಪಳ ಹೊದ್ದು ಮತ್ತೆ ಹಾಜರ್.

ಈಗಿನ ‘ಬ್ಯಾಟಲ್‌ಬಾಟ್ಸ್’ ಮೇಲೆ ನನ್ನ ತಕರಾರು ಇಲ್ಲೇ. ಜಡ್ಜ್‌ಗಳು ಕೊಡುವ ಅಂಕದಲ್ಲಿ ಹಾನಿಗೇ ಹೆಚ್ಚು ತೂಕ. ಹಾಗಾಗಿ ಎಲ್ಲರೂ ಗಿರಗಿರ ತಿರುಗುವ ಆಯುಧದ ಹಿಂದೆ ಬಿದ್ದಿದ್ದಾರೆ. ‘ಬೈಟ್ ಫೋರ್ಸ್’ ತಂಡವನ್ನೇ ನೋಡಿ: 2015ರಲ್ಲಿ ಎದುರಾಳಿಯನ್ನು ಹಿಡಿದೆತ್ತುವ ಗಾಡಿಯಿಂದ ಗೆದ್ದವರು, 2018 ಮತ್ತು 2019ರಲ್ಲಿ ಗೆದ್ದದ್ದು ತಿರುಗುವ ಆಯುಧದಿಂದ. ಅವರ ಲೆಕ್ಕ ಸರಿಯೇ. ಆದರೆ ಹತ್ತು ಗಾಡಿಗಳಲ್ಲಿ ಏಳು ಅಣ್ಣತಮ್ಮಂದಿರ ಥರ ಕಂಡರೆ ನೋಡುವವರಿಗೆ ನಷ್ಟ. ಸಾಲದ್ದಕ್ಕೆ ಪ್ರತಿ ಫೈಟಿಗೂ ಮೊದಲು ಕುಸ್ತಿ ಶೋಗಳ ಥರದ ಅಬ್ಬರದ ಪರಿಚಯ. ಅಬ್ಬರ ಇರಲಿ, ನಂಗೂ ಇಷ್ಟಾನೇ. ಆದರೆ ಸೋತವರು ರಿಪೇರಿ ಟೇಬಲ್ಲಿಗೆ ಹೋದಮೇಲೆ ಕ್ಯಾಮೆರಾ ಅಲ್ಲಿ ನಿಲ್ಲೋದು ಎಷ್ಟು ಹೊತ್ತು?

ನಮ್ಮ ಆಫೀಸುಗಳಲ್ಲಿ ಏನಾದರೂ ಕೆಟ್ಟರೆ ಮೂರು ವಾರ ಮೀಟಿಂಗು. ಕಾರಣ ಗೊತ್ತಾಗೋ ಹೊತ್ತಿಗೆ ಕೆಡಿಸಿದವನು ಬೇರೆ ಕಂಪನಿ ಸೇರಿರ್ತಾನೆ. ಇಲ್ಲಿ ನಿಮ್ಮ ವೆಲ್ಡಿಂಗ್ ತಡೀತೋ ಇಲ್ವೋ ಮೂರು ನಿಮಿಷದಲ್ಲಿ ಎಲ್ಲರೆದುರೇ ಗೊತ್ತಾಗತ್ತೆ. ಸೋತವರು ಗೆದ್ದವರ ಕೈ ಕುಲುಕ್ತಾರೆ, ನೆಲದ ಮೇಲಿನ ಚೂರುಗಳನ್ನ ಆರಿಸಿಕೊಂಡು ಹೋಗ್ತಾರೆ. ಅವರ ಹಿಂದೆ ಕ್ಯಾಮೆರಾ ಹೋಗಲಿ. ಅದನ್ನ ತೋರಿಸಿದರೆ ನಾನು ಆರನೇ ಫೈಟು ಬಿಡೋಕೂ ತಯಾರು.