‘ಜ್ಯೋತಿ’ಯನ್ನು ತಡವಾಗಿ ಕೇಳಿ

ಸಂಗೀತದ ವಿಷಯದಲ್ಲಿ ತೀರ್ಪು ಕೊಡುವುದಕ್ಕೆ ನಮ್ಮಂಥ ಹಳೆಯ ಕೇಳುಗರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಕಳೆದ ತಿಂಗಳು ಬೆಂಗಳೂರಿನಿಂದ ಬಂದಿದ್ದ ನನ್ನ ಸೋದರಳಿಯ ಜಲನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಧ್ವನಿಮುದ್ರಿಕೆ ಹಾಕಿದ. ಹೆಣ್ಣುದನಿ, ಮೃದಂಗ, ಘಟ. ಅವುಗಳ ನಡುವೆ ಒಂದು ಸ್ಯಾಕ್ಸೊಫೋನು. ಐದು ನಿಮಿಷ ಕೇಳಿದೆನೋ ಇಲ್ಲವೋ, “ಹೋಳಿಗಿಗೆ ಸಾರು ಹಾಕಿಧಂಗ ಆತು” ಎಂದುಬಿಟ್ಟೆ. ಅವನು ಶಾಂತವಾಗಿ, “ಮಾಮಾ, ಹೋಳಿಗಿ ಮಾಡಿದ ದಿನಾನ ಅಲ್ಲೇನ್ರಿ ಕಟ್ಟಿನ ಸಾರು ಮಾಡೂದು? ಪೂರಾ ಕೇಳ್ರಿ, ಆಮ್ಯಾಲ ಬೈರಿ” ಎಂದ. ಪೂರಾ ಕೇಳಿದೆ. ಮರುದಿನ ಮತ್ತೆ ಕೇಳಿದೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಸಲುವಾಗಿಯೇ ಈಗ ಬರೆಯಲು ಕುಳಿತಿದ್ದೇನೆ.

ನನ್ನ ಕಿವಿ ಬೆಳೆದದ್ದು ಮನ್ಸೂರರ, ಗಂಗೂಬಾಯಿಯವರ ಹಾಡಿಕೆಯಲ್ಲಿ. ತಂಬೂರಿಯ ಷಡ್ಜ ಕದಲುವುದಿಲ್ಲ. ರಾಗ ಅದರ ಸುತ್ತ ಎಷ್ಟು ಬೇಕಾದರೂ ಅಲೆದು ಮನೆಗೆ ಮರಳುತ್ತದೆ. ಜಾಝ್ ಹಾಗಲ್ಲ. ಅಲ್ಲಿಯೂ ಕಲಾವಿದನು ನಿಂತ ನಿಲುವಿನಲ್ಲಿ ಸ್ವರ ಹೆಣೆಯುತ್ತಾನೆ. ಆದರೆ ಅವನ ಕಾಲ ಕೆಳಗಿನ ನೆಲವೇ ಸರಿಯುತ್ತಿರುತ್ತದೆ. ಹಲವು ಸ್ವರಗಳನ್ನು ಒಟ್ಟಿಗೆ ಮೀಟಿದ ಗುಚ್ಛಗಳು ಒಂದರ ಹಿಂದೊಂದು ಬದಲಾಗುತ್ತವೆ, ಆ ಬದಲಾವಣೆಯೇ ಅದರ ರುಚಿ. ರಾಗದ ಕೆಳಗೆ ಈ ಗುಚ್ಛಗಳನ್ನು ತಂದಿಟ್ಟರೆ ಷಡ್ಜಕ್ಕೆ ನೆಲೆ ತಪ್ಪುತ್ತದೆ. ತೆಗೆದುಬಿಟ್ಟರೆ ಜಾಝ್ ಬಡವಾಗುತ್ತದೆ. ಆದ್ದರಿಂದ ಇಂಥ ಮೇಳ ಕಟ್ಟುವಾಗ ಯಾರಾದರೊಬ್ಬರು ಏನಾದರೂ ಬಿಟ್ಟುಕೊಡಲೇಬೇಕು. ಬಿಟ್ಟುಕೊಡದೆ ಕೂಡಿದ್ದೆಲ್ಲ ಬರಿಯ ಸಂತೆ. ಅಂಥವನ್ನೂ ನಾನು ಬೇಕಾದಷ್ಟು ಕೇಳಿದ್ದೇನೆ.

ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಏನು ಬಿಟ್ಟುಕೊಟ್ಟರೆಂಬುದು ಅವರ ವಾದ್ಯದ ಮೇಲೆಯೇ ಕೆತ್ತಿದೆ. ಮೈಲ್ಸ್ ಡೇವಿಸರ ಮೇಳದಲ್ಲಿ ನುಡಿಸಿ, ಆಮೇಲೆ ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ತಮ್ಮದೇ ಮೇಳದಲ್ಲಿ ವಿದ್ಯುತ್ ಗಿಟಾರಿನಿಂದ ಸಿಡಿಲೆಬ್ಬಿಸಿದ ಈ ಮನುಷ್ಯ, ಎಸ್. ರಾಮನಾಥನ್ ಅವರಲ್ಲಿ ವೀಣೆಯ ಪಾಠ ಹೇಳಿಸಿಕೊಂಡರು. ಎಲ್. ಶಂಕರ್, ಜಾಕೀರ್ ಹುಸೇನ್, ವಿಕ್ಕು ವಿನಾಯಕರಾಮ್ ಇವರೊಡನೆ ‘ಶಕ್ತಿ’ ಮೇಳವನ್ನು ಕಟ್ಟಿದಾಗ ವಿದ್ಯುತ್ತನ್ನು ಬದಿಗಿಟ್ಟರು. ಗಿಟಾರಿನ ಮೆಟ್ಟುಗಳ ನಡುವಿನ ಕಟ್ಟಿಗೆಯನ್ನು ತಗ್ಗಾಗಿ ಕೆತ್ತಿಸಿಕೊಂಡರು, ತಂತಿಯನ್ನು ಅದುಮಿ ಎಳೆದು ಗಮಕ ತೆಗೆಯಲು ಬರಲೆಂದು. ಶ್ರುತಿಗಾಗಿ ಏಳು ತಂತಿಗಳನ್ನು ಅಡ್ಡಲಾಗಿ ಕಟ್ಟಿಸಿದರು. ಆ ಮೇಳದ ಮೊದಲ ಮುದ್ರಿಕೆ 1975ರ ಒಂದು ಕಛೇರಿಯದು. ಅದರ ಮೊದಲ ಕೃತಿ ‘ಜಾಯ್’ ಹದಿನೆಂಟು ನಿಮಿಷಗಳ ಓಟ. ಬೆರಳುಗಳ ವೇಗಕ್ಕೆ ಬೆರಗಾಗಬೇಕು, ನಿಜ. ಆದರೆ ಸ್ವಲ್ಪ ಹೊತ್ತಿನ ಮೇಲೆ ಅದು ಗರಡಿಮನೆಯ ಜೋಡಿ ಕುಸ್ತಿಯಂತೆ ನನಗೆ ಕೇಳಿಸುತ್ತದೆ: ಯಾರು ಯಾರನ್ನು ಕೆಡವಿದರು ಎಂದು ನೋಡುತ್ತ ಕೂಡಬೇಕು. ಅದೇ ಮುದ್ರಿಕೆಯ ‘ಲೋಟಸ್ ಫೀಟ್’ ಎಂಬ ಪುಟ್ಟ ವಿಲಂಬದ ರಚನೆಯಲ್ಲಿಯೇ ನಾನು ಅವರನ್ನು ವಾಗ್ಗೇಯಕಾರರೆಂದು ಒಪ್ಪುವುದು. ಅಲ್ಲಿ ಗಿಟಾರು ಒಂದು ಮಾತು ಹೇಳಿ ಸುಮ್ಮನಾಗುತ್ತದೆ.

ಈ ಸುಮ್ಮನಾಗುವ ವಿದ್ಯೆಯೇ ನನ್ನ ಅಳಿಯ ಹಾಕಿದ ಮುದ್ರಿಕೆಯ ಜೀವಾಳ. 1983ರ ಆ ಮುದ್ರಿಕೆಯ ಹೆಸರು ‘ಜ್ಯೋತಿ’. ಹೊರತಂದದ್ದು ಜರ್ಮನಿಯ ಇಸಿಎಂ ಸಂಸ್ಥೆ. ಸ್ಯಾಕ್ಸೊಫೋನು ಅಮೆರಿಕದ ಚಾರ್ಲಿ ಮಾರಿಯಾನೊ ಅವರದು. ಚಾರ್ಲ್ಸ್ ಮಿಂಗಸ್ ಅವರಂಥ ದೊಡ್ಡವರ ಮೇಳದಲ್ಲಿ ನುಡಿಸಿದ್ದ ಇವರು 1960ರ ದಶಕದಲ್ಲಿ ಮಲೇಷ್ಯಕ್ಕೆ ಹೋದಾಗ ನಾಗಸ್ವರದ ನಾದಕ್ಕೆ ಮರುಳಾಗಿ, ಅದನ್ನು ಶಿಷ್ಯನಾಗಿ ಕಲಿತವರು. ಅವರೊಡನೆ ಕುಳಿತದ್ದು ಬೆಂಗಳೂರಿನಲ್ಲಿ 1964ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಬಳಗ: ಮೃದಂಗಕ್ಕೆ ಟಿ.ಎ.ಎಸ್. ಮಣಿ, ಘಟಕ್ಕೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್, ಕಂಠ ಆರ್.ಎ. ರಮಾಮಣಿಯವರದು.

ವಾಚಕರು ಗಮನಿಸಬೇಕು: ಈ ಮೇಳದಲ್ಲಿ ಪಿಯಾನೊ ಇಲ್ಲ, ಗಿಟಾರೂ ಇಲ್ಲ. ಸ್ವರಗುಚ್ಛಗಳ ಆಸರೆಯನ್ನು ಕಿತ್ತುಹಾಕಿ ಜಾಝ್ ಕಲಾವಿದನನ್ನು ಬರಿಯ ಷಡ್ಜದ ಮುಂದೆ ನಿಲ್ಲಿಸಲಾಗಿದೆ. ಸ್ಯಾಕ್ಸೊಫೋನಿಗೆ ಗಿಟಾರಿನ ಮೆಟ್ಟುಗಳ ಕಾಟವಿಲ್ಲ. ತುಟಿಯ ಹಿಡಿತದಿಂದಲೇ ಸ್ವರವನ್ನು ಜಾರಿಸಬಹುದು. ಆದರೆ ಜಾರಿಸಬಹುದೆಂದು ಮಾರಿಯಾನೊ ಎಲ್ಲಿಯೂ ಗಾಯಕರ ಅಣಕು ಮಾಡುವುದಿಲ್ಲ. ಅವರ ನಾದದಲ್ಲಿ ಜಾಝಿನ ಆ ಸ್ವಲ್ಪ ಒಡೆದ, ಸ್ವಲ್ಪ ಅಳುವ ಗುಣ ಹಾಗೆಯೇ ಉಳಿದಿದೆ. ರಾಗದ ಹೊಸ್ತಿಲಲ್ಲಿ ಚಪ್ಪಲಿ ಕಳಚಿ ಒಳಗೆ ಬಂದವರು ಅವರು. ಮೈಮೇಲಿನ ಅಂಗಿಯನ್ನು ಬದಲಿಸಿಲ್ಲ.

ಮುದ್ರಿಕೆ ತೆರೆದುಕೊಳ್ಳುವುದು ರಮಾಮಣಿಯವರ ಕಂಠದಿಂದ. ಮೊದಲ ಭಾಗದ ಹೆಸರೇ ‘ವಾಯ್ಸ್ ಸೋಲೋ’. ಅತಿಥಿ ಆಮೇಲೆ ಬರುತ್ತಾನೆ. ಈ ಕ್ರಮ ನನಗೆ ಬಹಳ ಅರ್ಥವತ್ತಾಗಿ ಕಂಡಿತು. ರಮಾಮಣಿಯವರು ಕಛೇರಿಯ ಗಾಯಕಿ ಮಾತ್ರವಲ್ಲ, ಇಂಥ ಮೇಳಗಳಿಗಾಗಿಯೇ ಕೃತಿಗಳನ್ನು ಕಟ್ಟಿದವರು. ಅವರ ಕಂಠ ಇಲ್ಲಿ ಸಾಹಿತ್ಯವನ್ನು ಹೊತ್ತು ನಡೆಯುವ ಪಲ್ಲಕ್ಕಿಯಲ್ಲ, ಅದೂ ಒಂದು ವಾದ್ಯ. ಸ್ವರಗಳನ್ನು ಉಚ್ಚರಿಸುತ್ತ ಸ್ಯಾಕ್ಸೊಫೋನಿನ ಪಕ್ಕದಲ್ಲಿ ನಡೆಯುತ್ತದೆ, ತಾಳದ ಲೆಕ್ಕದಲ್ಲಿ ಲಯವಾದ್ಯಗಳ ಪಂಕ್ತಿಯಲ್ಲಿ ಕೂಡುತ್ತದೆ. ಮೃದಂಗದವರು ಇಲ್ಲಿ ಪಕ್ಕವಾದ್ಯದವರೂ ಅಲ್ಲ. ನಮ್ಮ ಕಡೆಯ ಬೈಠಕ್ಕುಗಳಲ್ಲಿ ತಬಲಾ ತಲೆ ತಗ್ಗಿಸಿ ಠೇಕಾ ಹಿಡಿಯುವುದನ್ನೇ ಕೇಳಿದ ನನಗೆ ಇದಕ್ಕೆ ಹೊಂದಿಕೊಳ್ಳಲು ಸಮಯ ಹಿಡಿಯಿತು.

ದೋಷವಿಲ್ಲವೆಂದಲ್ಲ. ಧ್ವನಿಮುದ್ರಣದಲ್ಲಿ ಇಸಿಎಂನವರಿಗೆ ಪ್ರಿಯವಾದ ಆ ವಿಶಾಲವಾದ ಮೊಳಗು ಇಲ್ಲಿಯೂ ಇದೆ. ಸ್ಯಾಕ್ಸೊಫೋನಿಗೆ ಅದು ಒಪ್ಪುತ್ತದೆ. ಆದರೆ ಮೃದಂಗದ ಎಡಗೈ ಪೆಟ್ಟಿನ ದುಂಡುತನ, ಎದುರಿಗೆ ಜಮಖಾನೆಯ ಮೇಲೆ ಕುಳಿತು ಕೇಳಿದಾಗ ಎದೆಗೆ ತಾಗುವ ಆ ಗುಮ್ಮೆನ್ನುವ ಸುಖ, ಇಲ್ಲಿ ಸ್ವಲ್ಪ ದೂರದಿಂದ ಬರುತ್ತದೆ. ದೇವಾಲಯದ ಮಂಟಪದಲ್ಲಿ ಕುಳಿತವರನ್ನು ಪ್ರಾಕಾರದ ಹೊರಗಿನಿಂದ ಕೇಳಿದಂತೆ.

ಮುಖಪುಟದ ಮೇಲೆ ಮೊದಲ ಹೆಸರು ಮಾರಿಯಾನೊ ಅವರದು. ವ್ಯಾಪಾರದ ರೀತಿ ಇರಬಹುದು. ಅದಕ್ಕೆ ಜರ್ಮನರನ್ನು ದೂರುವುದು ಸುಲಭ. ನನ್ನ ತಪ್ಪು ಅದಕ್ಕಿಂತ ದೊಡ್ಡದು. 1980ರ ದಶಕದಲ್ಲಿ ನೌಕರಿಯ ನಿಮಿತ್ತ ನಾನು ಎರಡು ವರ್ಷ ಬೆಂಗಳೂರಿನಲ್ಲಿಯೇ ಇದ್ದೆ. ರವಿಶಂಕರರು ಮೆನುಹಿನ್ನರೊಡನೆ ನುಡಿಸಿದ್ದನ್ನು ಕುರಿತು ಕಂಡಕಂಡವರಿಗೆ ಉಪನ್ಯಾಸ ಕೊಡುತ್ತಿದ್ದೆ. ಅದೇ ಊರಿನಲ್ಲಿ ಕನ್ನಡ ನಾಡಿನ ಹೆಣ್ಣುಮಗಳೊಬ್ಬಳು ಲೋಕದ ಜಾಝ್ ಕಲಾವಿದರಿಗೆ ಕೃತಿ ಕಟ್ಟಿಕೊಡುತ್ತಿದ್ದಾಳೆಂಬುದು ಕಿವಿಗೆ ಬಿದ್ದಿದ್ದರೂ ‘ಬೆರಕೆ’ ಎಂಬ ಒಂದೇ ಪದದಿಂದ ಬಾಗಿಲು ಹಾಕಿಕೊಂಡೆ. ಬೆರಕೆಯೆಂದು ಮೂಗು ಮುರಿಯಲು ವಿಜಾಪುರದವನಿಗೆ ಯಾವ ಅಧಿಕಾರ? ಇಲ್ಲಿಂದ ಪಶ್ಚಿಮಕ್ಕೆ ತೊರವಿಯ ಹತ್ತಿರ ಸಂಗೀತ ಮಹಲಿನ ಅವಶೇಷ ನಿಂತಿದೆ. ಅದು 1599ರಲ್ಲಿ ನವರಸಪುರವನ್ನು ಕಟ್ಟಹೊರಟ ಎರಡನೆಯ ಇಬ್ರಾಹಿಂ ಆದಿಲಶಾಹನ ನೆಲ. ತನ್ನ ತಂಬೂರಕ್ಕೆ ‘ಮೋತಿಖಾನ್’ ಎಂದು ಹೆಸರಿಟ್ಟು, ದಖನಿ ಭಾಷೆಯ ಪದಗಳಲ್ಲಿ ಸರಸ್ವತಿಯನ್ನು ಹಾಡಿದ ಸುಲ್ತಾನನವನು. ಅವನ ಊರಿನಲ್ಲಿ ಹುಟ್ಟಿ ಈ ಮಡಿ ಎಲ್ಲಿಂದ ಕಲಿತೆನೋ!

ಅಳಿಯ ಹೊರಡುವ ಹಿಂದಿನ ಸಂಜೆ ನಾನೇ ಕೇಳಿ ಮತ್ತೊಮ್ಮೆ ಹಾಕಿಸಿದೆ. ಅಡಿಗೆಮನೆಯಿಂದ ನನ್ನ ಹೆಂಡತಿ, “ಯಾರ್ದ ಇದು ದನಿ?” ಎಂದು ಕೈ ಒರೆಸಿಕೊಳ್ಳುತ್ತ ಬಂದಳು. ಹೆಸರು ಹೇಳಿದೆ. ಸ್ಯಾಕ್ಸೊಫೋನು ಯಾರದೆಂದು ಅವಳು ಕೇಳಲಿಲ್ಲ. ಕಂಬಕ್ಕೆ ಒರಗಿ ಕುಳಿತು ಮುಗಿಯುವವರೆಗೂ ಕೇಳಿದಳು.